ಪದ ಪರಿಚಯ: ಪುನರ್ವಸತಿ

ಕಡಲ್ಕೊರೆತದಿಂದ ಮನೆ ಕಳೆದುಕೊಂಡವರನ್ನು ಶಾಲೆಯ ಕೊಠಡಿಗೆ ಸೇರಿಸಿದ ಸುದ್ದಿಗೆ ‘ಸಂತ್ರಸ್ತರಿಗೆ ಪುನರ್ವಸತಿ’ ಎಂದು ತಲೆಬರಹ ಕೊಡುವುದು ನಮ್ಮ ಕರಾವಳಿಯಲ್ಲಿ ಮಳೆಗಾಲದ ರೂಢಿಯೇ ಆಗಿಬಿಟ್ಟಿದೆ. ಅದು ಕಾಳಜಿ ಕೇಂದ್ರ, ಹಿಂದಿನವರ ಮಾತಿನಲ್ಲಿ ಗಂಜಿ ಕೇಂದ್ರ. ಚೆಕ್ ಕೊಟ್ಟರೆ ಅದು ಪರಿಹಾರ. ಇವೆರಡನ್ನೂ ಪುನರ್ವಸತಿ ಎನ್ನುವುದನ್ನು ಇನ್ನಾದರೂ ಬಿಡಬೇಕು.

‘ಪರಿಹಾರ’ದ ಮೂಲದಲ್ಲಿರುವುದು ಒಯ್ಯು, ತೆಗೆ ಎಂಬರ್ಥದ ‘ಹೃ’ ಧಾತು. ಶಾಸನಗಳಲ್ಲಿ ಭೂಮಿಯನ್ನು ‘ಸರ್ವಬಾಧಾ ಪರಿಹಾರ’ವಾಗಿ ದತ್ತಿ ಬಿಟ್ಟರೆಂದರೆ ತೆರಿಗೆಯೇ ಮೊದಲಾದ ಬಾಧೆಗಳನ್ನು ಕಳೆದು ಕೊಟ್ಟರೆಂದು ಅರ್ಥ. ಬಾಧೆ ನೀಗಿದಲ್ಲಿಗೆ ಆ ಪದದ ಕೆಲಸ ಮುಗಿಯಿತು. ‘ಪುನರ್ವಸತಿ’ಯಲ್ಲಿರುವುದು ನೆಲೆಸು ಎಂಬರ್ಥದ ‘ವಸ್’. ವಾಸ, ನಿವಾಸ, ವಾಸ್ತುಗಳೂ ಅದರಿಂದಲೇ ಬಂದವು. ಸರ್ಕಾರಿ ವಸತಿ ಯೋಜನೆಗಳಿಂದಾಗಿ ‘ವಸತಿ’ ಎಂದರೆ ಮನೆ ಎಂಬುದಷ್ಟೇ ಕಿವಿಯಲ್ಲಿ ಉಳಿದಿರುವುದರಿಂದ ಗೊಂದಲ ಹುಟ್ಟಿದೆ. ಕಟ್ಟಡಕ್ಕೆ ‘ಪುನರ್ನಿರ್ಮಾಣ’ ಎಂಬ ಪ್ರತ್ಯೇಕ ಪದವೇ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯೂ ಪುನರ್ವಸತಿ, ಪುನರ್ನಿರ್ಮಾಣಗಳನ್ನು ಬೇರೆಬೇರೆಯಾಗಿಯೇ ಹೆಸರಿಸುತ್ತದೆ. ಇನ್ನೊಂದು ಮುಖ್ಯ ಸಂಗತಿಯೆಂದರೆ, ನಿರ್ಮಾಣಕ್ಕೆ ಸರ್ಕಾರ ಕರ್ತೃವಾಗಬಹುದು, ಗುತ್ತಿಗೆದಾರನೂ ಆಗಬಹುದು. ನೆಲೆಸುವ ಕ್ರಿಯೆಗೆ ಮಾತ್ರ ನೆಲೆಸುವವರೇ ಕರ್ತೃಗಳು. ಹಾಗಾಗಿ ಪುನರ್ವಸತಿ ಆಯಿತೋ ಇಲ್ಲವೋ ಎಂದು ಹೇಳುವ ಮೊದಲ ಅಧಿಕಾರವೂ ಅವರದೇ.

ಉಳ್ಳಾಲ, ಸೋಮೇಶ್ವರ ತೀರದ ಮೀನುಗಾರ ಕುಟುಂಬವೊಂದಕ್ಕೆ ಒಳನಾಡಿನಲ್ಲಿ ಗಟ್ಟಿಮುಟ್ಟಾದ ಮನೆ ಕೊಟ್ಟರೆಂದು ಇಟ್ಟುಕೊಳ್ಳೋಣ. ನಾಡದೋಣಿ ಕಾಯುವುದು, ಬಲೆ ಒಣಗಿಸುವುದು, ಕಡಲಿನ ಬಣ್ಣ ನೋಡಿ ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸುವುದು, ಮಹಿಳೆಯರು ದಕ್ಕೆಯಿಂದ (ದೋಣಿಗಳು ಮೀನು ಇಳಿಸುವ ಕಟ್ಟೆಯಿಂದ) ಮೀನು ತಂದು ಪರಿಚಿತ ಮನೆಗಳಿಗೆ ಮಾರುವುದು, ಇವೆಲ್ಲವೂ ಕೈತಪ್ಪಿದರೆ ಆ ಕುಟುಂಬ ನೆಲೆಸಿದ್ದು ಎಲ್ಲಿ? ‘ನಿಮ್ಮ ಮೂಲ ಎಲ್ಲಿ’, ಅಂದರೆ ನಿಮ್ಮ ಕುಟುಂಬದ ದೈವ, ನಾಗನ ನೆಲೆ ಎಲ್ಲಿ ಎಂದು ಪರಸ್ಪರ ಕೇಳಿಕೊಳ್ಳುವ ನಾಡು ನಮ್ಮದು. ದೈವಸ್ಥಾನ, ನಾಗಬನಗಳನ್ನು ಬಿಟ್ಟು ಬರಲೊಲ್ಲದವರನ್ನು ಹಠಮಾರಿಗಳೆಂದು ಜರೆಯುವುದು ಅನ್ಯಾಯ. ಅಪಾಯದ ಅಂಚಿನಲ್ಲೇ ಇರಲು ಅವರನ್ನು ಬಿಡುವುದೂ ಸರಿಯಲ್ಲ ಎಂಬುದು ನಿಜವಾದ ನೈತಿಕ ಇಕ್ಕಟ್ಟು, ಮತ್ತು ಅದನ್ನು ಅವರೊಡನೆ ಕುಳಿತೇ ಬಿಡಿಸಬೇಕು.

‘ಜನಜೀವನ ಸಹಜ ಸ್ಥಿತಿಗೆ’ ಎಂಬ ಮಾತಿಗೂ ಇದೇ ದೋಷವಿದೆ. 2020ರ ಸೆಪ್ಟೆಂಬರ್ ನೆರೆಯಲ್ಲಿ ಉಡುಪಿಯ ತಗ್ಗು ಪ್ರದೇಶಗಳಿಗೆ ನುಗ್ಗಿದ ನೀರು ಬೇಗನೆ ಇಳಿಯಿತು. ದಾಸ್ತಾನು ಹಾಳಾದ ಅಂಗಡಿಯವನ ಸಾಲ ನೀರಿನ ಜೊತೆ ಇಳಿಯುವುದಿಲ್ಲ.

ಇದನ್ನೆಲ್ಲ ‘ನೆರವು’ ಎನ್ನುವವರೂ ಒಮ್ಮೆ ಯೋಚಿಸಬೇಕು. ಒಂದೂರಿನ ತೀರಕ್ಕೆ ಹಾಕಿದ ಕಲ್ಲಿನ ತಡೆಗೋಡೆ ಅಲೆಗಳ ಹೊಡೆತವನ್ನು ಗೋಡೆ ಮುಗಿಯುವಲ್ಲಿಗೆ, ಅಂದರೆ ಪಕ್ಕದೂರಿನ ಮರಳಿನ ಮೇಲೆ, ದೂಡಬಲ್ಲದು. ಹಾಗೆ ಮನೆ ಕಳೆದುಕೊಂಡವರಿಗೆ ಸಲ್ಲಬೇಕಾದದ್ದು ಋಣ. ಆ ಋಣದ ಅವಧಿಯನ್ನು ಒಂದು ಆರ್ಥಿಕ ವರ್ಷಕ್ಕೆ ಸೀಮಿತಗೊಳಿಸಲು ಸರ್ಕಾರಕ್ಕಾಗಲಿ, ಗೋಡೆಯ ರಕ್ಷಣೆಯಲ್ಲಿರುವ ಊರಿಗಾಗಲಿ ಹಕ್ಕಿಲ್ಲ.