ಅತ್ತೆ ಖಾತೆಯ ಎರಡು ಸಾವಿರ, ಮಗುವಿನ ತಟ್ಟೆಯ ಮೊಟ್ಟೆ

ರಾಜ್ಯ ಸರ್ಕಾರ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ 2,000 ರೂಪಾಯಿ ಯಾರ ಖಾತೆಗೆ ಬರುತ್ತದೆ? ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಯಾರ ಹೆಸರಿದೆಯೋ ಅವರ ಖಾತೆಗೆ. ಕೂಡು ಕುಟುಂಬದಲ್ಲಿ ಅದು ಹೆಚ್ಚಾಗಿ ಅತ್ತೆ. ಎರಡು ವರ್ಷದೊಳಗಿನ ಮಗು ಇರುವುದು ಸೊಸೆಯ ಕಂಕುಳಲ್ಲಿ. ಪೋಷಣೆ ಸಲಹೆ ಕೊಡುವ ನಮ್ಮಂಥವರು ಅಂಗನವಾಡಿಗೆ ಕರೆದು ಕೂರಿಸಿ ಮಾತಾಡುವುದೂ ಸೊಸೆಯ ಜೊತೆಗೇ. ದುಡ್ಡು ಒಬ್ಬರ ಕೈಯಲ್ಲಿ, ಪಾಠ ಇನ್ನೊಬ್ಬರಿಗೆ!

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಈ ಯೋಜನೆಯ ಹಣ ಒಂದು ಕೋಟಿಗೂ ಜಾಸ್ತಿ ಹೆಂಗಸರಿಗೆ ಸಿಗುತ್ತಿದೆ. ಸುಮ್ನೆ ದುಡ್ಡು ಹಂಚಿದರೆ ಸೋಮಾರಿಗಳಾಗುತ್ತಾರೆ ಅನ್ನುವವರು ಇದ್ದೇ ಇರುತ್ತಾರೆ. ಅವರು ಒಂದು ದಿನ ಶಿರಾ ಕಡೆಯ ಯಾವುದಾದರೂ ಹಳ್ಳಿಯಲ್ಲಿ ಬೆಳಗಿನ ಜಾವ ಎದ್ದು ಕೊಟ್ಟಿಗೆ ಬಾಚಲಿ, ಆಮೇಲೆ ಮಾತಾಡೋಣ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಮನೆಗೆ ಬಂದ ದುಡ್ಡು ಮಗುವಿನ ತಟ್ಟೆವರೆಗೆ ಯಾಕೆ ತಲುಪುವುದಿಲ್ಲ? 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 35.4% ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳು ದಾಟಿದ ಮಕ್ಕಳಲ್ಲಿ 65.5%ಗೆ ರಕ್ತಹೀನತೆ.

ಬಾಂಗ್ಲಾದೇಶದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. 2012ರಿಂದ 2014ರವರೆಗೆ, ಚಿಕ್ಕ ಮಕ್ಕಳಿರುವ ಕಡುಬಡ ತಾಯಂದಿರಿಗೆ ತಿಂಗಳಿಗೆ 1,500 ಟಾಕಾ ಕೊಟ್ಟರು. ಕೆಲವರಿಗೆ ಬರೀ ದುಡ್ಡು. ಉತ್ತರ ಭಾಗದ ಇನ್ನು ಕೆಲವರಿಗೆ ದುಡ್ಡಿನ ಜೊತೆಗೆ ಮಗುವಿಗೆ ಏನು, ಎಷ್ಟು, ಹೇಗೆ ಉಣಿಸಬೇಕು ಅನ್ನುವ ತರಬೇತಿ. ಆ ತರಬೇತಿಗೆ ಮನೆಯ ಇತರರನ್ನೂ ಕರೆಯುತ್ತಿದ್ದರು. ಬರೀ ದುಡ್ಡು ಸಿಕ್ಕ ಮನೆಗಳಲ್ಲಿ ಊಟ ಸುಧಾರಿಸಿತು, ಆದರೆ ಮಕ್ಕಳ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ದುಡ್ಡು, ತರಬೇತಿ ಎರಡೂ ಸಿಕ್ಕ ಕಡೆ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ನೂರಕ್ಕೆ ಸುಮಾರು ಏಳರಷ್ಟು ಕಡಿಮೆಯಾದರು.

ಅದಕ್ಕೇ ಈಗ ತಾಯಂದಿರ ಸಭೆಗೆ ಅತ್ತೆಯಂದಿರನ್ನೂ ಕರೆಯಿರಿ ಅಂತ ನಾನು ಹಟ ಹಿಡಿಯುತ್ತೇನೆ.

ಇನ್ನು ಸಂಪಾದನೆಯ ವಿಷಯ. ಎರಡು ಸಾವಿರದಲ್ಲಿ ದಿನದ ಖರ್ಚು ತೂಗಿಸಿ, ಉಳಿದದ್ದನ್ನು ಕೂಡಿಟ್ಟು ಹೊಲಿಗೆ ಮಿಷಿನ್ ತಂದವರಿದ್ದಾರೆ, ಮೇಕೆ ಮರಿ ಕಟ್ಟಿದವರಿದ್ದಾರೆ. ಸಂಘದ ಸಾಲವನ್ನೂ ಸೇರಿಸಿ ಹಸು ತಂದವರೂ ಇದ್ದಾರೆ. ನಾನು ಜಾಸ್ತಿ ಎಡವಟ್ಟು ನೋಡಿರುವುದು ಹಸು ಇರುವ ಮನೆಯಲ್ಲೇ. ಒಬ್ಬ ತಾಯಿಯನ್ನು ಕೇಳಿದೆ: "ಮಗೂಗೆ ಬೆಳಗ್ಗೆ ಏನು ಕೊಟ್ಟೆಯಮ್ಮ?"

"ಟೀ, ಬಿಸ್ಕತ್ತು ಮೇಡಂ."

"ಹಾಲು?"

"ಅಯ್ಯೋ, ಹಾಲೆಲ್ಲಾ ಡೈರಿಗೆ ಹಾಕ್ಬಿಡ್ತೀವಿ. ಹಸು ಸಾಲ ತೀರ್ಬೇಕಲ್ಲ."

ಮಗುವಿಗೆ ಒಂದೂವರೆ ವರ್ಷ. ಬಟವಾಡೆ ಬಂದ ಕೂಡಲೇ ಬೂಸಾ, ಹಿಂಡಿ, ಕಂತು. ಉಳಿದ ಚಿಲ್ಲರೆಯಲ್ಲಿ ಬಿಸ್ಕತ್ತು ಪೊಟ್ಟಣ. ಲೆಕ್ಕದ ಪ್ರಕಾರ ಆ ಮನೆಯ ಆದಾಯ ಏರಿದೆ, ಅಲ್ವಾ? ಮಗುವಿನ ಊಟ ಮಾತ್ರ ಇಳಿದಿದೆ. ಟೀ ಅಂತೂ ಊಟದಲ್ಲಿರುವ ಅಷ್ಟಿಷ್ಟು ಕಬ್ಬಿಣದಂಶವೂ ಮೈಗೆ ಹತ್ತದಂತೆ ತಡೆಯುತ್ತದೆ. ಇಂಥ ಕಡೆ ನಾನು ಹೇಳುವುದು ಇಷ್ಟೇ: ಕ್ಯಾನಿಗೆ ಸುರಿಯುವ ಮುಂಚೆ ಒಂದು ಲೋಟ ಎತ್ತಿಡಿ. ಬಂದ ಮೇಲೆ ನೋಡೋಣ ಅಂದರೆ ಆಗುವುದಿಲ್ಲ, ಡೈರಿಯಿಂದ ಕ್ಯಾನ್ ಖಾಲಿಯೇ ಬರುತ್ತದೆ. ಹಸುವಿನ ಹಾಲು ಕುಡಿಯಲು ಕೊಡುವುದು ಒಂದು ವರ್ಷ ತುಂಬಿದ ಮೇಲೆ. ಅಲ್ಲಿವರೆಗೆ ಎದೆಹಾಲು, ಆರು ತಿಂಗಳಿಂದ ಅದರ ಜೊತೆಗೆ ಮೆತ್ತಗಿನ ಊಟ.

ನನ್ನನ್ನು ಕೇಳಿದರೆ, ಚಿಕ್ಕ ಮಗು ಇರುವ ತಾಯಿಗೆ ನಾಲ್ಕೈದು ನಾಟಿ ಕೋಳಿಯೇ ಮೇಲು. ಬಂಡವಾಳ ಕಡಿಮೆ, ಹಿತ್ತಲಲ್ಲೇ ಮೇಯುತ್ತವೆ. ಆದರೆ ಇಲ್ಲೂ ಮೊಟ್ಟೆಗಳನ್ನೆಲ್ಲ ಕಾವಿಗೆ ಕೂರಿಸಿಬಿಡುತ್ತಾರೆ, ಮರಿ ಮಾರಿದರೆ ದುಡ್ಡು ಜಾಸ್ತಿ ಅಂತ. ಅದರಲ್ಲಿ ಅರ್ಧ ಬೆಕ್ಕಿಗೋ ಮುಂಗುಸಿಗೋ ಹೋಗುತ್ತದೆ, ಕೊಕ್ಕರೆ ರೋಗ ಬಂದರೆ ಗೂಡೇ ಖಾಲಿ. ಪಶು ಆಸ್ಪತ್ರೆಯಲ್ಲಿ ಕೇಳಿ ಲಸಿಕೆ ಹಾಕಿಸಿ. ಒಂದು ಕೋಳಿಯ ಮೊಟ್ಟೆಯನ್ನು ಮಗುವಿಗೇ ಅಂತ ಬಿಡಿ. ಬೇಯಿಸಿ, ಮುದ್ದೆ ಅಥವಾ ಅನ್ನದ ಜೊತೆ ಕಿವುಚಿ ಕೊಟ್ಟರೆ ಏಳು ತಿಂಗಳ ಮಗುವೂ ತಿನ್ನುತ್ತದೆ.

ಇನ್ನೊಂದು ಖರ್ಚು ಯಾರ ಲೆಕ್ಕಕ್ಕೂ ಬರುವುದಿಲ್ಲ: ತಾಯಿಯ ಹೊತ್ತು. ಒಂದು ವರ್ಷದ ಮಗುವಿನ ಹೊಟ್ಟೆ ಚಿಕ್ಕದು. ದಿನಕ್ಕೆ ಮೂರು ನಾಲ್ಕು ಸಲ ಊಟ, ಮಧ್ಯೆ ಏನಾದರೂ ತಿಂಡಿ ಬೇಕು. ಪಕ್ಕದಲ್ಲಿ ಕೂತು, ಪುಸಲಾಯಿಸಿ ಉಣಿಸಬೇಕು. ತಾಯಿ ಬೆಳಗ್ಗೆ ಟೆಂಪೋ ಹತ್ತಿ ಗಾರ್ಮೆಂಟ್ಸ್‌ಗೆ ಹೋಗಿ ಕತ್ತಲಾದ ಮೇಲೆ ಬಂದರೆ ಆ ಕೆಲಸ ಮಾಡುವವರು ಯಾರು? ಹೋಗಲೇಬೇಡಿ ಅನ್ನಲು ನಾನು ಯಾರು, ಬಿಡಿ. ಹೊಸ ಕೆಲಸ ಹಿಡಿಯುವ ಮೊದಲು ಮಧ್ಯಾಹ್ನದ ಊಟ ಯಾರು ಉಣಿಸುತ್ತಾರೆ ಅಂತ ಮನೆಯಲ್ಲಿ ಕೂತು ಮಾತಾಡಿ ಅನ್ನುತ್ತೇನೆ. ಅಲ್ಲೂ ಉತ್ತರ ಬಹಳ ಸಲ ಅತ್ತೆಯೇ.

ದುಡಿಮೆಗೆ ಹಾಕುವ ದುಡ್ಡು ಮತ್ತು ಊಟದ ದುಡ್ಡು ಬೇರೆ ಬೇರೆ ಇರಬೇಕು. ಭಾರತವೂ ಸೇರಿ ಆರು ದೇಶಗಳಲ್ಲಿ ಕಡುಬಡವರಿಗೆ ಮೇಕೆ, ಕೋಳಿಯಂಥ ಆಸ್ತಿ ಕೊಟ್ಟ ಯೋಜನೆಗಳ ಅಧ್ಯಯನ 2015ರಲ್ಲಿ ಬಂತು. ಅಲ್ಲಿ ಮೇಕೆಯ ಜೊತೆಗೆ ತರಬೇತಿ ಕೊಟ್ಟರು, ಕೆಲವು ತಿಂಗಳು ಊಟದ ಖರ್ಚಿಗೂ ಕೊಟ್ಟರು. ಇಲ್ಲದಿದ್ದರೆ ಮನೆಯಲ್ಲಿ ಅಕ್ಕಿ ಮುಗಿದ ದಿನ ಮೇಕೆ ಸಂತೆಗೆ ಹೋಗುತ್ತದೆ. ಯೋಜನೆ ಮುಗಿದು ಒಂದು ವರ್ಷವಾದ ಮೇಲೂ ಆ ಮನೆಗಳ ಸ್ಥಿತಿ ಮೊದಲಿಗಿಂತ ಚೆನ್ನಾಗಿತ್ತು.

ಗೃಹಲಕ್ಷ್ಮಿ ಹಣ ಕೆಲವು ಸಲ ತಿಂಗಳುಗಟ್ಟಲೆ ತಡವಾಗುತ್ತದೆ. ಅದನ್ನೇ ನಂಬಿ ವಾರದ ಕಂತಿನ ಸಾಲ ಎತ್ತಬೇಡಿ. ಮೊದಲ ಹೆರಿಗೆಗೆ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ ಬರುತ್ತದೆ, ಎರಡನೆಯದು ಹೆಣ್ಣು ಮಗುವಾದರೆ 6,000. ಇದು ಸೊಸೆಯ ಖಾತೆಗೇ ಬರುವ ದುಡ್ಡು, ಆಧಾರ್ ಜೋಡಣೆ ಸರಿಯಿಲ್ಲದಿದ್ದರೆ ಅಲ್ಲೇ ನಿಂತುಬಿಡುತ್ತದೆ. ತವರಿಗೆ ಬಾಣಂತನಕ್ಕೆ ಹೊರಡುವ ಮುಂಚೆಯೇ ಬ್ಯಾಂಕಿಗೆ ಒಮ್ಮೆ ಹೋಗಿ ವಿಚಾರಿಸಿಕೊಂಡು ಬನ್ನಿ.