ಎಚ್‌ಡಿಎಮ್‌ಐ ಕೇಬಲ್ ಚುಚ್ಚಿದರೂ ಲ್ಯಾಪ್‌ಟಾಪಿನಲ್ಲಿ ಆಟ ಕಾಣುವುದಿಲ್ಲ, ಯಾಕೆ?

ಬದಿಯಡ್ಕದಿಂದ ಬಂದ ಪ್ರಶ್ನೆ: "ದುಬೈಯಿಂದ ಭಾವ ಪಿಎಸ್4 ಗೇಮ್ ಕನ್ಸೋಲ್ ತಂದುಕೊಟ್ಟಿದ್ದಾರೆ. ಆಡುವುದನ್ನು ರೆಕಾರ್ಡ್ ಮಾಡಿ, ಕನ್ನಡದಲ್ಲಿ ಮಾತು ಸೇರಿಸಿ ಯೂಟ್ಯೂಬಿಗೆ ಹಾಕುವ ಅಂತ. ಎಚ್‌ಡಿಎಮ್‌ಐ ಕೇಬಲನ್ನು ಲ್ಯಾಪ್‌ಟಾಪಿಗೆ ಕೊಟ್ಟರೆ ಏನೂ ಬರುವುದಿಲ್ಲ. ಪೋರ್ಟ್ ಹಾಳಾಗಿದೆಯಾ?"

ಪೋರ್ಟಿಗೆ ಏನೂ ಆಗಿಲ್ಲ. ಲ್ಯಾಪ್‌ಟಾಪಿನ ಎಚ್‌ಡಿಎಮ್‌ಐ ಚಿತ್ರವನ್ನು ಹೊರಗೆ ಕಳಿಸಲಿಕ್ಕೆ ಮಾತ್ರ ಇರುವುದು, ಪಿಎಸ್4ನದ್ದೂ ಹಾಗೆಯೇ. ತೋಟದ ಎರಡು ಪಂಪುಗಳ ಔಟ್ ಪೈಪನ್ನು ಒಂದಕ್ಕೊಂದು ಸೇರಿಸಿ ನೀರಿಗೆ ಕಾದ ಹಾಗಾಯಿತು. ಚಿತ್ರವನ್ನು ಒಳಗೆ ಎಳೆದುಕೊಳ್ಳಲು ನಡುವೆ ಕ್ಯಾಪ್ಚರ್ ಕಾರ್ಡ್ ಬೇಕು.

ಬರೀ ತುಣುಕುಗಳು ಸಾಕಾದರೆ ಖರ್ಚೇ ಬೇಡ. ಪಿಎಸ್4 ತಾನಾಗಿಯೇ ಕೊನೆಯ 15 ನಿಮಿಷದ ಆಟವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸೆಟ್ಟಿಂಗಿನಲ್ಲಿ 60 ನಿಮಿಷದವರೆಗೂ ಏರಿಸಬಹುದು. ಶೇರ್ ಬಟನ್ ಒತ್ತಿ ಉಳಿಸಿ, ಪೆನ್‌ಡ್ರೈವಿಗೆ ಕಾಪಿ ಮಾಡಿದರಾಯಿತು. ಆದರೆ ಸಾಮಾನ್ಯ ಪಿಎಸ್4ನಲ್ಲಿ ಅದು 720ಪಿ, ಅಂದರೆ ಎತ್ತರಕ್ಕೆ 720 ಸಾಲು ಚುಕ್ಕಿ ಮಾತ್ರ, ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ. ಕಾರು ಓಡಿಸುವ ಆಟಗಳಲ್ಲಿ ಈ ಕೊರತೆ ಕಣ್ಣಿಗೆ ಹೊಡೆಯುತ್ತದೆ.

ಕಾರ್ಡ್ ಕೊಳ್ಳುವಾಗಲೇ ಹೆಚ್ಚಿನವರು ಮೋಸಹೋಗುವುದು. ಪೆನ್‌ಡ್ರೈವಿನಷ್ಟೇ ಇರುವ ಅಗ್ಗದ ಕಾರ್ಡಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ "4ಕೆ" ಎಂದಿರುತ್ತದೆ. ಅದು ಒಳಗೆ ತೆಗೆದುಕೊಳ್ಳುವ ಚಿತ್ರದ ಅಳತೆ, ಕಂಪ್ಯೂಟರಿಗೆ ಕೊಡುವುದಲ್ಲ. ಲೆಕ್ಕ ಹಾಕಿ ನೋಡಿ: 4ಕೆ ಬಿಡಿ, 1080ಪಿಗೇ 1920×1080 ಚುಕ್ಕಿ, ಒಂದು ಚುಕ್ಕಿಗೆ 16 ಬಿಟ್, ಸೆಕೆಂಡಿಗೆ 60 ಸಲ. ಒಟ್ಟು ಸುಮಾರು 199 ಕೋಟಿ ಬಿಟ್. ಅಗ್ಗದ ಕಾರ್ಡಿನ ಯುಎಸ್‌ಬಿ 2.0 ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 48 ಕೋಟಿ ಬಿಟ್ ಹೋದೀತು. ಹಾಗಾಗಿ ಆ ಕಾರ್ಡ್ ಪ್ರತಿ ಫ್ರೇಮನ್ನೂ ಜೆಪೆಗ್ ಫೋಟೋದಂತೆ ಹಿಂಡಿ ಕಳಿಸುತ್ತದೆ. ಸಾಮಾನ್ಯವಾಗಿ 1080ಪಿಗೆ 30 ಫ್ರೇಮ್ ಸಿಕ್ಕಿದರೆ ಪುಣ್ಯ. ಹುಲ್ಲು, ಮಳೆ, ಹೊಗೆ ಎಲ್ಲ ಕಲಸಿದ ಹಾಗೆ ಕಾಣುವುದು ಇದೇ ಕಾರಣಕ್ಕೆ. ಯುಎಸ್‌ಬಿ 3.0ಗೆ 500 ಕೋಟಿ ಬಿಟ್ ತಾಕತ್ತು, ಅದಕ್ಕೆ ಹಿಂಡುವ ಅಗತ್ಯವೇ ಇಲ್ಲ.

ಕಾರ್ಡಿನ ಯುಎಸ್‌ಬಿ ತುದಿಯ ಒಳಗಿನ ಪ್ಲಾಸ್ಟಿಕ್ ನೀಲಿ ಇದ್ದರೆ 3.0 ಎಂದು ನಂಬಬೇಡಿ, ನೀಲಿ ಬಣ್ಣ ಯಾರು ಬೇಕಾದರೂ ಹಾಕಬಹುದು. ಪಿನ್ನನ್ನು ಬೆಳಕಿಗೆ ಹಿಡಿದು ಎಣಿಸಿ. ಎದುರಿಗೆ ನಾಲ್ಕು ಪಟ್ಟಿ, ಅದರ ಹಿಂದೆ ಇನ್ನೂ ಐದು ಕಂಡರೆ 3.0. ನಾಲ್ಕೇ ಇದ್ದರೆ ಅದು 2.0.

ಜೋಡಿಸಲಿಕ್ಕೆ ಎರಡು ಎಚ್‌ಡಿಎಮ್‌ಐ ಕೇಬಲ್ ಬೇಕು. ಪಿಎಸ್4ನಿಂದ ಕಾರ್ಡಿನ ಇನ್‌ಗೆ ಒಂದು, ಕಾರ್ಡಿನ ಔಟ್‌ನಿಂದ ಟಿವಿಗೆ ಇನ್ನೊಂದು. ಯುಎಸ್‌ಬಿ ಲ್ಯಾಪ್‌ಟಾಪಿನ 3.0 ಪೋರ್ಟಿಗೆ ನೇರವಾಗಿ ಹೋಗಲಿ, ಹಬ್ ಬೇಡ. ಆಡುವುದು ಟಿವಿ ನೋಡಿಕೊಂಡೇ. ಲ್ಯಾಪ್‌ಟಾಪಿನಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರುವುದರಿಂದ ಅದನ್ನು ನೋಡಿ ಆಡಿದರೆ ಗುಂಡು ತಪ್ಪುತ್ತದೆ. ಔಟ್ ಇಲ್ಲದ ಕಾರ್ಡಾದರೆ ಚಿತ್ರವನ್ನು ಎರಡು ಕಡೆಗೆ ಹಂಚುವ ಒಂದು ಸ್ಪ್ಲಿಟರ್ ಹಾಕಬೇಕು.

ಇಷ್ಟಾದ ಮೇಲೂ ಕಪ್ಪು ಪರದೆಯೇ? ಹೆಚ್ಚಾಗಿ ಎಚ್‌ಡಿಸಿಪಿ ಎಂಬ, ನಕಲು ತಡೆಯುವ ಬೀಗದ ಕೆಲಸ ಅದು. ಪಿಎಸ್4ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್ ಒಳಗೆ ಹೋಗಿ "ಎನೇಬಲ್ ಎಚ್‌ಡಿಸಿಪಿ" ಟಿಕ್ ತೆಗೆಯಿರಿ. (ಸಿನಿಮಾ ಆ್ಯಪ್‌ಗಳು ಬೇಕಾದಾಗ ಮತ್ತೆ ಹಾಕಬೇಕಾಗುತ್ತದೆ.) ಪಿಎಸ್5ರಲ್ಲಿ ಇದು ಸಿಸ್ಟಮ್‌ನ ಎಚ್‌ಡಿಎಮ್‌ಐ ವಿಭಾಗದಲ್ಲಿದೆ. ಪಿಎಸ್3ರಲ್ಲಿ ತೆಗೆಯಲು ಆಗುವುದೇ ಇಲ್ಲ, ಅದಕ್ಕೆ ಕಾಂಪೊನೆಂಟ್ ಕೇಬಲ್ ಮತ್ತು ಅದನ್ನು ಸ್ವೀಕರಿಸುವ ಕಾರ್ಡೇ ದಾರಿ. ಬೀಗ ತೆಗೆದೂ ಕಪ್ಪಾಗಿದ್ದರೆ ವಿಂಡೋಸಿನ ಪ್ರೈವಸಿಯಲ್ಲಿ ಕ್ಯಾಮೆರಾ ಅನುಮತಿ ನೋಡಿ. ಕಂಪ್ಯೂಟರಿನ ಕಣ್ಣಿಗೆ ಈ ಕಾರ್ಡೂ ಒಂದು ವೆಬ್‌ಕ್ಯಾಮೇ. ಬಣ್ಣ ಪೇಲವವಾಗಿ ಕಂಡರೆ, ಬೆಳಕು-ನೆರಳಿನ ವ್ಯಾಪ್ತಿ ಹಿಗ್ಗಿಸುವ ಎಚ್‌ಡಿಆರ್ ಅನ್ನು ಪಿಎಸ್4ನಲ್ಲಿ ಆಫ್ ಮಾಡಿ.

ರೆಕಾರ್ಡಿಂಗಿಗೆ ಒಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶ ಉಚಿತ. ಸೋರ್ಸಸ್‌ನಲ್ಲಿ ವೀಡಿಯೊ ಕ್ಯಾಪ್ಚರ್ ಡಿವೈಸ್ ಸೇರಿಸಿ ಕಾರ್ಡನ್ನು ಆರಿಸಿ, ರೆಸಲ್ಯೂಷನ್ನನ್ನು ಕಸ್ಟಮ್ ಮಾಡಿ 1920×1080, 60 ಕೊಡಿ. ವೀಡಿಯೊ ಸೆಟ್ಟಿಂಗಿನಲ್ಲೂ 60 ಇರಲಿ, ಇದನ್ನು ಮರೆತು 30ರಲ್ಲೇ ಬಿಡುವವರು ತುಂಬ. ವೀಡಿಯೊ ಹಿಂಡುವ ಎನ್‌ಕೋಡರ್ ಆಗಿ ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೆ ಎನ್‌ವೆಂಕ್, ಇಂಟೆಲ್ ಮಾತ್ರ ಇದ್ದರೆ ಕ್ವಿಕ್‌ಸಿಂಕ್. ಆಟದ ಶಬ್ದ ಒಂದನೇ ಟ್ರ್ಯಾಕಿಗೆ, ನಿಮ್ಮ ಮೈಕ್ ಎರಡನೆಯದಕ್ಕೆ ಹೋಗಲಿ. ಮಾತಿನ ನಡುವೆ ಕೆಮ್ಮು ಬಂದರೆ ಅದೊಂದನ್ನೇ ಕತ್ತರಿಸಬಹುದು. ಕಂಟ್ರೋಲರಿಗೆ ಹೆಡ್‌ಸೆಟ್ ಚುಚ್ಚಿ "ಆಲ್ ಆಡಿಯೊ" ಇಟ್ಟಿದ್ದರೆ ರೆಕಾರ್ಡಿಂಗ್ ಮೂಕವಾಗುತ್ತದೆ, "ಚಾಟ್ ಆಡಿಯೊ"ಗೆ ಬದಲಾಯಿಸಿ.

ರೆಕಾರ್ಡಿಂಗಿನ ಫೈಲ್ ಎಮ್‌ಕೆವಿ ರೂಪದಲ್ಲೇ ಇರಲಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೇಳಿಕೇಳಿ ಹೋಗುವುದಿಲ್ಲ. ಮಾಮೂಲಿ ಎಮ್‌ಪಿ4 ತನ್ನ ಒಳಗಿನ ಪಟ್ಟಿಯನ್ನು ಕೊನೆಗೆ ಬರೆಯುವುದು, ನಡುವೆ ಡೆಸ್ಕ್‌ಟಾಪ್ ಆರಿದರೆ ಎರಡು ಗಂಟೆಯ ಆಟ ತೆರೆಯದ ಫೈಲಾಗಿ ಉಳಿಯುತ್ತದೆ. ಎಮ್‌ಕೆವಿಯಾದರೆ ಆರುವ ತನಕದ್ದು ಸಿಗುತ್ತದೆ. ಮತ್ತೆ ಫೈಲ್ ಮೆನುವಿನ ರೀಮಕ್ಸ್‌ನಲ್ಲಿ ಎಮ್‌ಪಿ4 ಮಾಡಿಕೊಳ್ಳಿ, ಗುಣಮಟ್ಟ ಇಳಿಯುವುದಿಲ್ಲ.

20 ಎಮ್‌ಬಿಪಿಎಸ್‌ನಲ್ಲಿ (ಸೆಕೆಂಡಿಗೆ 2 ಕೋಟಿ ಬಿಟ್) ಗಂಟೆಗೆ 9 ಜಿಬಿ ಹೋಗುತ್ತದೆ. ನೇರ ಪೆನ್‌ಡ್ರೈವಿಗೆ ಬರೆಸುವವರಿಗೆ ಸುಮಾರು 28 ನಿಮಿಷಕ್ಕೆ ರೆಕಾರ್ಡಿಂಗ್ ನಿಂತಿತೆಂದರೆ ದೋಷ ಕಾರ್ಡಿನದ್ದಲ್ಲ. ಫ್ಯಾಟ್32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವಿನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ದುಬೈಯ ಪಿಎಸ್4ಗೆ ಚೌಕ ಕಡ್ಡಿಗಳ ಮೂರು ಪಿನ್ ಪ್ಲಗ್ ಇರುತ್ತದೆ. ಸಡಿಲ ಅಡಾಪ್ಟರಿನಲ್ಲಿ ಅಲುಗಾಡಿಸಿಕೊಂಡು ಕೂರುವ ಬದಲು ಇಲ್ಲಿನ ಪಿನ್ನಿನ ವಯರನ್ನೇ ಕೊಳ್ಳಿ. ಇನ್ನು ತುಲಾ ತಿಂಗಳ ಸಂಜೆ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು. ಡಿಶ್ ವಯರಿನಲ್ಲಿ ಇಳಿದ ಸಿಡಿಲು ಸೆಟ್‌ಟಾಪ್ ಬಾಕ್ಸ್, ಟಿವಿ, ಕಾರ್ಡ್ ಹಾದು ಈಗ ಲ್ಯಾಪ್‌ಟಾಪಿನವರೆಗೂ ಬರಬಹುದು. ಟಿವಿಯ ಹಿಂದಿನ ಎಚ್‌ಡಿಎಮ್‌ಐಯನ್ನು ಕಿತ್ತೇ ಏಳಿ.