ಚೀಟಿ ಎಲ್ಲಿ ಸ್ವಾಮಿ?

ಕಳೆದ ಆಷಾಢದಲ್ಲಿ ಶೃಂಗೇರಿ ಕಡೆಯ ಹುಡುಗನೊಬ್ಬ ಹಾರ್ಲಿಕ್ಸ್ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನ ಕೊಠಡಿಗೆ ಬಂದ. ಹಳೇ ಕಾಲದ ದಪ್ಪ ಗಾಜಿನ ಬಾಟಲಿ. ಒಳಗೆ ಕಷಾಯದ ಬಣ್ಣಕ್ಕೆ ತಿರುಗಿದ ಸ್ಪಿರಿಟ್, ಅದರಲ್ಲಿ ಸುರುಳಿ ಸುತ್ತಿದ ಸಣ್ಣ ಹಾವು. ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ ಸಿಕ್ಕಿತಂತೆ. ತೀರಿಹೋದ ಅಜ್ಜ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರಂತೆ. "ಸಾರ್, ಇದು ಯಾವ ಹಾವು?" ಎಂದ. "ಚೀಟಿ ಎಲ್ಲಿ?" ಎಂದೆ ನಾನು. ಅವನು ಬಾಟಲಿಯ ಹೊರಮೈಗೆ ಅಂಟಿಸಿದ್ದ ಕಾಗದ ತೋರಿಸಿದ. ಅದರ ಮೇಲೆ ದುಂಡಾದ ಅಕ್ಷರದಲ್ಲಿ "ಹಾವು" ಎಂದು ಬರೆದಿತ್ತು.

ನಗಬೇಡಿ. ನನ್ನ ಬಳಿ ಬರುವ ಬಾಟಲಿಗಳಲ್ಲಿ ಹೆಚ್ಚಿನವುಗಳ ಕಥೆ ಇಷ್ಟೇ. ಎಂ.ಎಸ್ಸಿ. ಮುಗಿಸಿದವರು ತಂದರೆ "ಹಾವು" ಇರುವ ಜಾಗದಲ್ಲಿ ಲ್ಯಾಟಿನ್ ಹೆಸರಿರುತ್ತದೆ, ಅಷ್ಟೇ ವ್ಯತ್ಯಾಸ. ಪ್ರಾಣಿ ಸಂಗ್ರಹಾಲಯದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ನಾನು ಹೇಳುವುದನ್ನು ಯಾರೂ ಕಿವಿಗೆ ಹಾಕಿಕೊಳ್ಳದ ಕಾರಣ ಇಲ್ಲಿ ಬರೆಯುತ್ತಿದ್ದೇನೆ: ಚೀಟಿಯಲ್ಲಿ ಪ್ರಾಣಿಯ ಹೆಸರು ಬೇಡ. ಊರು ಬರೆಯಿರಿ. ಯಾವ ಊರು, ಯಾವ ದಿನ, ಯಾರ ಕೈಗೆ ಸಿಕ್ಕಿದ್ದು. ಹೆಸರನ್ನು ನಾವು ಇವತ್ತಲ್ಲ ನಾಳೆ ಕಂಡುಹಿಡಿಯುತ್ತೇವೆ. ಪ್ರಾಣಿಯ ಮೈಯೇ ಅದನ್ನು ಹೇಳುತ್ತದೆ. ಆದರೆ ಅದು ಸಿಕ್ಕಿದ್ದು ಆಗುಂಬೆಯ ಹಳ್ಳದಲ್ಲೋ ಆನೆಮಲೆಯ ಕಾಡಿನಲ್ಲೋ ಎಂಬುದನ್ನು ಯಾವ ಸೂಕ್ಷ್ಮದರ್ಶಕವೂ ಹೇಳದು. ವಧೂವರರ ಹೆಸರು, ಮುಹೂರ್ತ, ಊಟದ ಹೊತ್ತು ಎಲ್ಲವನ್ನೂ ಅಚ್ಚು ಹಾಕಿಸಿ ಕಲ್ಯಾಣ ಮಂಟಪದ ಹೆಸರನ್ನೇ ಬಿಟ್ಟ ಕರೆಯೋಲೆ ಇದ್ದಂತೆ, ಊರಿಲ್ಲದ ಬಾಟಲಿ.

ಇದನ್ನು ಹೇಳುವಾಗೆಲ್ಲ ನನಗೆ ಆಲ್ಬರ್ಟ್ ಗುಂಥರ್ ನೆನಪಾಗುತ್ತಾರೆ. ನಮ್ಮ ಕಸುಬಿನ ಪಿತೃಗಳಲ್ಲೊಬ್ಬರು. 1830ರಲ್ಲಿ ಜರ್ಮನಿಯ ಎಸ್ಲಿಂಗೆನ್‌ನಲ್ಲಿ ಹುಟ್ಟಿ, ಮೊದಲು ಪಾದ್ರಿಯಾಗಲು ಓದಿ, ಆಮೇಲೆ ವೈದ್ಯಕೀಯ ಓದಿ, ಕೊನೆಗೆ ಎರಡನ್ನೂ ಬಿಟ್ಟು 1857ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಹಾವಿನ ಜಾಡಿಗಳ ಮುಂದೆ ಕುಳಿತವರು. ಹಾವು ಮುಗಿಸಿ ಕಪ್ಪೆ, ಕಪ್ಪೆ ಮುಗಿಸಿ ಮೀನು. ಮೀನಿನ ಕ್ಯಾಟಲಾಗ್ ಎಂಟು ಸಂಪುಟ, 1859ರಿಂದ 1870ರವರೆಗೆ. ಅದರಲ್ಲಿ 6,843 ಪ್ರಭೇದಗಳನ್ನು ಖಚಿತವೆಂದು ಒಪ್ಪಿ, ಇನ್ನೂ 1,682ನ್ನು "ಸಂದೇಹ" ಎಂದು ಪಕ್ಕಕ್ಕಿಟ್ಟರು. ಹೊರಗಿನವರಿಗೆ ಮೊದಲ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ನಮ್ಮಂಥವರು ಕೈ ಮುಗಿಯುವುದು ಎರಡನೆಯದಕ್ಕೆ. ಗೊತ್ತಿಲ್ಲ ಎಂದು ಒಂದು ಸಾವಿರದ ಆರುನೂರ ಎಂಬತ್ತೆರಡು ಸಲ ಬರೆಯಲು ಎದೆಗಾರಿಕೆ ಬೇಕು.

ಇದರ ನಡುವೆಯೇ 1864ರಲ್ಲಿ ಭಾರತದ ಸರೀಸೃಪಗಳ ಮೇಲೆ ದಪ್ಪ ಗ್ರಂಥ ಬರೆದರು. ಪ್ರಪಂಚದಲ್ಲಿ ವರ್ಷವರ್ಷ ಪ್ರಕಟವಾಗುವ ಪ್ರಾಣಿಶಾಸ್ತ್ರವನ್ನೆಲ್ಲ ಒಂದೆಡೆ ಪಟ್ಟಿ ಮಾಡುವ ಜುವಾಲಾಜಿಕಲ್ ರೆಕಾರ್ಡ್ ಶುರುಮಾಡಿದರು. ಅದು ಇಂದಿಗೂ ನಡೆಯುತ್ತಿದೆ. ಮನೆಯ ಬದುಕು ಮಾತ್ರ ಅಷ್ಟು ಕೈಹಿಡಿಯಲಿಲ್ಲ. ಮೊದಲ ಹೆಂಡತಿ ರಾಬರ್ಟಾ, ತನ್ನ ಅಣ್ಣನ ಸಂಶೋಧನೆಗಾಗಿ ಸಮುದ್ರದ ಹುಳುಗಳ ಚಿತ್ರ ಬರೆಯುತ್ತಿದ್ದ ಕಲಾವಿದೆ, ಮದುವೆಯಾದ ಮರುವರ್ಷವೇ ಬಾಣಂತಿಯಾಗಿದ್ದಾಗ ತೀರಿಕೊಂಡರು. ಉಳಿದ ಕೂಸು ರಾಬರ್ಟ್ ಮುಂದೆ ಆಕ್ಸ್‌ಫರ್ಡ್‌ನಲ್ಲಿ ಹಳೆಯ ವೈಜ್ಞಾನಿಕ ಉಪಕರಣಗಳ ಮ್ಯೂಸಿಯಂ ಕಟ್ಟಿದ. ಸಾಮಾನು ಜೋಪಾನ ಮಾಡುವ ಗುಣ ರಕ್ತದಲ್ಲೇ ಇತ್ತು ಅನ್ನಿ.

ಗುಂಥರ್ ತಮ್ಮ ಆಯುಸ್ಸು ಸವೆಸಿದ್ದು ಬೇರೆಯವರು ಕಳಿಸಿದ ಜಾಡಿಗಳ ನಡುವೆ. ಭಾರತದ ಕಾಡು ಅವರ ಮೇಜಿಗೆ ಬರುತ್ತಿದ್ದದ್ದು ಬೆಡ್ಡೋಮ್‌ನಂಥವರ ಮೂಲಕ. ಮದ್ರಾಸ್ ಅರಣ್ಯ ಇಲಾಖೆಯ ಅಧಿಕಾರಿ ಈ ಬೆಡ್ಡೋಮ್, ಮರ, ಜರೀಗಿಡ, ಬಸವನಹುಳು, ಹಾವು ಎಲ್ಲವನ್ನೂ ಹೆಕ್ಕಿದ ಮನುಷ್ಯ. ಹಾಗೆ ಬಂದ ಜಾಡಿಗಳಲ್ಲಿ ಎಷ್ಟೋ ಕಡೆ ಊರಿನ ಜಾಗದಲ್ಲಿ ಇರುತ್ತಿದ್ದದ್ದು "ಮಲಬಾರ್" ಎಂಬ ಒಂದೇ ಪದ. ಆ ಕಾಲದ ದೊರೆಗಳ ಬಾಯಲ್ಲಿ ಮಲಬಾರ್ ಎಂದರೆ ಪಶ್ಚಿಮ ಕರಾವಳಿಯ ಎಲ್ಲಿ ಬೇಕಾದರೂ ಆದೀತು. ಅದನ್ನು ಬಿಡಿಸಲು ಇವತ್ತಿಗೂ ನಾವು ಒದ್ದಾಡುತ್ತಿದ್ದೇವೆ. ಅಂದ ಹಾಗೆ, ಇವತ್ತಿನ ಹುಡುಗರು "ಪಶ್ಚಿಮ ಘಟ್ಟ" ಎಂದು ಬರೆದು ತರುತ್ತಾರೆ. ಘಟ್ಟದ ಉದ್ದ ಸುಮಾರು 1,600 ಕಿಲೋಮೀಟರ್. ಬೆಡ್ಡೋಮ್‌ನನ್ನು ಬೈಯುವ ಹಕ್ಕು ನಮಗೆ ಎಲ್ಲಿಂದ ಬಂತು?

ಆಮೆಯ ಕಥೆ ಕೇಳಿ. 1835ರಲ್ಲಿ ಡಾರ್ವಿನ್ ಪೆಸಿಫಿಕ್ ಸಾಗರದ ಗ್ಯಾಲಪಗಾಸ್ ದ್ವೀಪಗಳಿಗೆ ಹೋದರು. ಅಲ್ಲಿನ ಉಪರಾಜ್ಯಪಾಲ ಲಾಸನ್, ಆಮೆ ನೋಡಿದರೆ ಸಾಕು, ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದರು. ಡಾರ್ವಿನ್ ಆ ಮಾತಿಗೆ ತಕ್ಷಣ ಗಮನ ಕೊಡಲಿಲ್ಲ, ಎರಡು ದ್ವೀಪಗಳ ಸಂಗ್ರಹವನ್ನು ಒಂದಿಷ್ಟು ಆಗಲೇ ಬೆರೆಸಿಬಿಟ್ಟಿದ್ದೆ ಎಂದು ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ಹಡಗಿಗೆ ಏರಿಸಿದ ದೊಡ್ಡ ಆಮೆಗಳು ದಾರಿಯಲ್ಲಿ ಸಾರಾದವು, ಚಿಪ್ಪು ಸಮುದ್ರದ ಪಾಲಾಯಿತು. ಅವರ ಹೆಸರಿನಿಂದಲೇ ಇಂದು ಪ್ರಸಿದ್ಧವಾದ ಆ ಪುಟ್ಟ ಫಿಂಚ್ ಹಕ್ಕಿಗಳಿಗೂ ದ್ವೀಪದ ಚೀಟಿ ಸರಿಯಾಗಿರಲಿಲ್ಲ. ಕೊನೆಗೆ ಕೈಹಿಡಿದದ್ದು ಯಾರು ಗೊತ್ತೇ? ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತು ಡಾರ್ವಿನ್ನರ ಸೇವಕ ಕೊವಿಂಗ್ಟನ್. ಅವರು ತಮಗಾಗಿ ಹಿಡಿದ ಹಕ್ಕಿಗಳಿಗೆ ದ್ವೀಪದ ಹೆಸರು ಬರೆದಿಟ್ಟಿದ್ದರು. ಯಜಮಾನ ಮರೆತದ್ದನ್ನು ಆಳು ಬರೆದಿಟ್ಟಿದ್ದ ಎಂಬುದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ಖುಷಿ. ನಮ್ಮಲ್ಲೂ ರಿಜಿಸ್ಟರನ್ನು ಸರಿಯಾಗಿ ಬರೆದವರು ಹೆಚ್ಚಾಗಿ ಅಟೆಂಡರುಗಳೇ.

ನಲವತ್ತು ವರ್ಷದ ನಂತರ ಆ ಗೋಜಲು ಗುಂಥರ್ ಮೇಜಿಗೆ ಬಂತು. ದೈತ್ಯ ಆಮೆಗಳ ಚಿಪ್ಪು, ಎಲುಬು, ಯಾವುದು ಹಿಂದೂ ಮಹಾಸಾಗರದ್ದು, ಯಾವುದು ಪೆಸಿಫಿಕ್‌ದು ಎಂಬುದೇ ಅನುಮಾನ. ನಾವಿಕರು ಆಮೆಯನ್ನು ಜೀವಂತ ಉಗ್ರಾಣದಂತೆ ಸಾಗಿಸುತ್ತಿದ್ದರಷ್ಟೆ, ಎಲ್ಲಿ ಹತ್ತಿಸಿದ್ದು ಎಲ್ಲಿ ಇಳಿಸಿದ್ದು ಎಂದು ಯಾರು ಬರೆದರು? ಗ್ಯಾಲಪಗಾಸ್‌ನ ಆಮೆಗೆ ಒಂದು ಕಾಲಕ್ಕೆ "ಇಂಡಿಕಾ" ಎಂಬ ಹೆಸರೂ ನಡೆದಿತ್ತು. ನಮ್ಮ ದೇಶದಲ್ಲಿ ಅಂಥ ಆಮೆಯೇ ಇಲ್ಲ! ಗುಂಥರ್ 1875ರಲ್ಲಿ ಕುದುರೆಯ ಜೀನಿನಾಕಾರದ ಚಿಪ್ಪಿನ, ದ್ವೀಪ ಖಚಿತವಿಲ್ಲದ ಒಂದು ಆಮೆಗೆ "ಎಫಿಪ್ಪಿಯಮ್" ಎಂದು ಹೆಸರಿಟ್ಟರು. ಜೀನು ಎಂದೇ ಅರ್ಥ. ಆ ಹೆಸರು ಬಹುಕಾಲ ಗ್ಯಾಲಪಗಾಸ್‌ನ ಪಿನ್ಸೋನ್ ದ್ವೀಪದ ಆಮೆಗೆ ಅಂಟಿಕೊಂಡಿತು. ಎಷ್ಟೋ ದಶಕಗಳ ನಂತರ ತಜ್ಞರು ಅದನ್ನು ಮತ್ತೆ ಪರಿಶೀಲಿಸಿ, ಗುಂಥರ್ ನೋಡಿ ಹೆಸರಿಟ್ಟ ಆ ಮೂಲ ಮಾದರಿ ಅಲ್ಲಿನ ಪಿಂಟಾ ದ್ವೀಪದ್ದು ಎಂಬ ತೀರ್ಮಾನಕ್ಕೆ ಬಂದರು. ಪಿನ್ಸೋನ್ ಆಮೆಗೆ ಈಗ ಬೇರೆಯೇ ಹೆಸರು. ಎರಡಂಗುಲದ ಚೀಟಿ ಇದ್ದಿದ್ದರೆ ಇಷ್ಟು ರಾಮಾಯಣ ಇರುತ್ತಿರಲಿಲ್ಲ.

ಅದೇ 1875ರಲ್ಲಿ ನೌಕಾಪಡೆಯ ಕಮಾಂಡರ್ ಕುಕ್ಸನ್ ಪೀಟರೆಲ್ ಹಡಗಿನಲ್ಲಿ ಗ್ಯಾಲಪಗಾಸ್‌ಗೆ ಹೋಗಿ, ಇಂಥ ಆಮೆ ಇಂಥ ದ್ವೀಪದ್ದು ಎಂದು ಗುರುತಿಟ್ಟುಕೊಂಡೇ ತಂದುಕೊಟ್ಟರು. ಅಬಿಂಗ್ಡನ್ ದ್ವೀಪದಿಂದ ಬಂದದ್ದಕ್ಕೆ ಗುಂಥರ್ 1877ರಲ್ಲಿ "ಅಬಿಂಗ್ಡೋನಿ" ಎಂದು ಹೆಸರಿಟ್ಟರು. ಅಬಿಂಗ್ಡನ್ ಎಂದರೆ ಇಂದಿನ ಪಿಂಟಾ. 1971ರಲ್ಲಿ ಅಲ್ಲಿ ಒಂಟಿಯಾಗಿ ಸಿಕ್ಕಿ, ಲೋನ್‌ಸಮ್ ಜಾರ್ಜ್ ಎಂದು ಹೆಸರಾಗಿ, 2012ರ ಜೂನ್ 24ರಂದು ಸತ್ತ ಆಮೆ ಆ ವಂಶದ ಕೊನೆಯದು. ಅದು ಪಿಂಟಾದ್ದೇ, ಬೇರೆ ದ್ವೀಪದಿಂದ ತಪ್ಪಿಸಿಕೊಂಡು ಬಂದದ್ದಲ್ಲ ಎಂದು ಪರೀಕ್ಷಿಸಲು ಹೋಲಿಕೆಗೆ ಬೇಕಾದದ್ದು ದ್ವೀಪದ ಗುರುತಿರುವ ಇಂಥ ಹಳೆಯ ಮಾದರಿಗಳೇ.

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. ಕಾಳಿಂಗ ಸರ್ಪವನ್ನು 1836ರಲ್ಲಿ ಕ್ಯಾಂಟರ್ ಎಂಬ ಪ್ರಾಣಿಶಾಸ್ತ್ರಜ್ಞ ವಿವರಿಸಿದಾಗ ಕೊಟ್ಟ ಕುಲನಾಮ, ಅಂದರೆ ವೈಜ್ಞಾನಿಕ ಹೆಸರಿನ ಮೊದಲ ಪದ, ಹಮದ್ರಯಾಸ್. ಆ ಹೆಸರನ್ನು ಒಂದು ಚಿಟ್ಟೆ ಮೊದಲೇ ಗಿಟ್ಟಿಸಿಕೊಂಡಿತ್ತು. ಗುಂಥರ್ 1864ರಲ್ಲಿ ಒಫಿಯೋಫೇಗಸ್, ಅಂದರೆ ಹಾವು ತಿನ್ನುವುದು, ಎಂದು ಹೊಸ ಹೆಸರಿಟ್ಟರು. ಕುಲದ ಹೆಸರು ಉಳಿಯಿತು, ಜೊತೆಗೆ ಅವರು ಪ್ರಭೇದಕ್ಕೆ ಬಳಸಿದ "ಎಲಾಪ್ಸ್" ಬಿದ್ದುಹೋಗಿ ಕ್ಯಾಂಟರ್ ಕೊಟ್ಟಿದ್ದ "ಹನ್ನಾ" ನಿಂತಿತು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಅದು ಒಂದೇ ಪ್ರಭೇದವಲ್ಲ, ನಾಲ್ಕು ಎಂದು ತೋರಿಸಿ, ಪಶ್ಚಿಮ ಘಟ್ಟದ ಹಾವಿಗೆ ನಮ್ಮ ಬಾಯಿನ "ಕಾಳಿಂಗ"ವನ್ನೇ ಹೆಸರಾಗಿಟ್ಟರು. ಈಗ ಲೆಕ್ಕ ಹಾಕಿ. ಘಟ್ಟದ ಕಾಡಿನಿಂದ ಬಂದ ಒಂದೇ ಹಾವಿನ ಜಾಡಿಯ ಮೇಲೆ ನೂರೆಂಬತ್ತಕ್ಕೂ ಹೆಚ್ಚು ವರ್ಷಗಳಲ್ಲಿ ನಾಲ್ಕು ಹೆಸರು ಬದಲಾಗಬಹುದಿತ್ತು. ನಾಲ್ಕು ಸಲವೂ ಬದಲಾಗದೆ ಉಳಿಯುವುದು ಊರು. ಅಷ್ಟೇ ಅಲ್ಲ, ನಾಲ್ಕನೆಯ ಹೆಸರು ಅದಕ್ಕೆ ಸಲ್ಲುತ್ತದೋ ಇಲ್ಲವೋ ಎಂದು ನೋಡಹೊರಟವರು ಮೊದಲು ಕೇಳುವುದೂ ಊರನ್ನೇ.

ಇದನ್ನು ಒಂದು ಕಾಲೇಜಿನಲ್ಲಿ ಭಾಷಣದಲ್ಲಿ ಹೇಳಿದ್ದೆ. ಎಲ್ಲರೂ ತಲೆಯಾಡಿಸಿದರು. ಎರಡು ವರ್ಷ ಬಿಟ್ಟು ಹೋದರೆ ಮ್ಯೂಸಿಯಂ ಕೊಠಡಿ ಫಳಫಳ. ತಪಾಸಣಾ ತಂಡ ಬರುತ್ತದೆಂದು ಜಾಡಿಗಳನ್ನೆಲ್ಲ ತೊಳೆದು, ಹಳದಿಯಾಗಿದ್ದ ಚೀಟಿಗಳನ್ನು ಕಿತ್ತು ಕಸಕ್ಕೆ ಹಾಕಿ, ವೈಜ್ಞಾನಿಕ ಹೆಸರನ್ನು ಬಣ್ಣದಲ್ಲಿ ಮುದ್ರಿಸಿ ಲ್ಯಾಮಿನೇಟ್ ಮಾಡಿ ಅಂಟಿಸಿದ್ದರು. ಕಾಗುಣಿತವೂ ತಪ್ಪು, ಅದು ಬೇರೆ ಮಾತು. ಕಸಕ್ಕೆ ಹೋದ ಚೀಟಿಗಳಲ್ಲಿ ಕೊಪ್ಪ, ಬಾಳೆಹೊನ್ನೂರು, ಜೋಗ ಎಂದು ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಪ್ರೀತಿಯಿಂದ ಕಾಫಿ ಕೊಟ್ಟರು, ಕುಡಿದು ಬಂದೆ. ಬೈಯಲು ಮನಸ್ಸಾಗಲಿಲ್ಲ. ಮಕ್ಕಳು ರಾತ್ರಿಯೆಲ್ಲ ಕೂತು ಅಂಟಿಸಿದ್ದರು ಪಾಪ.

ಪೆನ್ಸಿಲ್ ಎಂದೆ, ಅದನ್ನೂ ಹೇಳಿಬಿಡುತ್ತೇನೆ. ಚೀಟಿ ಬಾಟಲಿಯ ಒಳಗೆ, ಸ್ಪಿರಿಟ್ಟಿನಲ್ಲೇ ಮುಳುಗಿರಬೇಕು. ಹೊರಗೆ ಅಂಟಿಸಿದ್ದನ್ನು ಜಿರಳೆ ತಿನ್ನುತ್ತದೆ, ಗೋಂದು ಬಿಡುತ್ತದೆ. ಒಳಗೆ ಹಾಕುವಾಗ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಮಸಿ ಸ್ಪಿರಿಟ್ಟಿನಲ್ಲಿ ಕರಗಿ ಚೀಟಿ ಬಿಳುಚಿಕೊಳ್ಳುತ್ತದೆ. ಲೇಸರ್ ಪ್ರಿಂಟ್ ಕೂಡ ನಂಬುವಂಥದ್ದಲ್ಲ, ಕೆಲ ವರ್ಷಕ್ಕೆ ಅಕ್ಷರಗಳು ಸಿಪ್ಪೆಯಂತೆ ಎದ್ದು ತಳಕ್ಕೆ ಉದುರಿದ್ದನ್ನು ನೋಡಿದ್ದೇನೆ. ದಪ್ಪ ಕಾಗದ, ಪೆನ್ಸಿಲ್. ಮುಗಿಯಿತು. ಫೋಟೋದಲ್ಲಿ ಲೊಕೇಶನ್ ಇದೆ ಸಾರ್ ಎನ್ನುವವರಿಗೆ: ವಾಟ್ಸ್ಯಾಪಿನಲ್ಲಿ ಫೋಟೋ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ, ಊರನ್ನು ಬೆರಳಲ್ಲೇ ಟೈಪ್ ಮಾಡಿ.

ಜಾಡಿಯೇ ಹೋದರೂ ಊರು ಉಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸಿ.ಆರ್. ನಾರಾಯಣ ರಾವ್ ಅವರೇ ಇದ್ದಾರೆ. ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾ ಮಲೆನಾಡಿನ ಕಪ್ಪೆಗಳ ಬೆನ್ನುಹತ್ತಿದವರು. ಅವರ ಮೂಲ ಮಾದರಿಗಳು ಇಂದು ಸಿಗುವುದಿಲ್ಲ. ಆದರೆ 1920ರಲ್ಲಿ ಒಂದು ಇರುಳುಗಪ್ಪೆಯನ್ನು ಕೊಡಗಿನ ಕಾವೇರಿಯ ಪವಿತ್ರ ಜೌಗಿನದ್ದೆಂದು ಬರೆದಿದ್ದರು, ಹೆಸರಿನಲ್ಲೇ ಅದನ್ನು ಸೇರಿಸಿದ್ದರು. 1937ರಲ್ಲಿ ಇನ್ನೊಂದಕ್ಕೆ ಕೆಂಪುಹೊಳೆಯ ಹೆಸರಿಟ್ಟರು. 2011ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಇವೆರಡನ್ನೂ ಮತ್ತೆ ಕಂಡುಹಿಡಿದ ಸುದ್ದಿ ಬಂತು. ಕೊಡಗಿನದ್ದು 91 ವರ್ಷದ ಮೇಲೆ.

ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ಹಾವು ಕಪ್ಪೆ ಹಿಡಿದು ಬಾಟಲಿಗೆ ತುಂಬಲು ಹೊರಡಬೇಡಿ. ವನ್ಯಜೀವಿ ಕಾಯ್ದೆ ಇದೆ, ಅನುಮತಿ ಬೇಕು, ಸತ್ತ ಪ್ರಾಣಿಗೂ ಕೆಲವೊಮ್ಮೆ ಬೇಕು. ಮನೆಯಲ್ಲಿ ಹಳೆಯ ಬಾಟಲಿ ಸಿಕ್ಕರೆ ತೆರೆಯದೆ, ತೊಳೆಯದೆ, ಮೊದಲು ಫೋನ್ ಮಾಡಿ.

ಆ ಹುಡುಗನ ಹಾವನ್ನು ಲೆನ್ಸಿನಡಿ ಇಟ್ಟು ನೋಡಿದೆ. ಹುರುಪೆಗಳ ಮೇಲೆ ಏಣು, ನಡುಮೈಯಲ್ಲಿ 19 ಸಾಲು. ಗುಂಥರ್ 1864ರಲ್ಲಿ ಬೆಡ್ಡೋಮ್ ಹೆಸರಿನಲ್ಲಿ ಕರೆದ ಕೀಲ್‌ಬ್ಯಾಕ್, ಅಂದರೆ ಏಣುಬೆನ್ನಿನ ಹಾವು, ಇರಬಹುದು, ಬಣ್ಣವೆಲ್ಲ ಹೋಗಿರುವುದರಿಂದ ಆಣೆ ಮಾಡಿ ಹೇಳಲಾರೆ. "ಅಜ್ಜಿ ಇದ್ದಾರೇನಪ್ಪ?" ಎಂದು ಕೇಳಿದೆ. ಇದ್ದರು. ಅಲ್ಲೇ ಫೋನ್ ಹಚ್ಚಿಸಿದೆ. ಅಜ್ಜಿಗೆ ಹಾವು ಚೆನ್ನಾಗಿ ನೆನಪಿತ್ತು, ಹಾರ್ಲಿಕ್ಸ್ ಬಾಟಲಿ ಹಾಳಾಯಿತೆಂಬ ಸಿಟ್ಟೂ ನೆನಪಿತ್ತು. ಹಿರಿಮಗಳು ಹೊಟ್ಟೆಯಲ್ಲಿದ್ದ ವರ್ಷ, ಗೌರಿ ಹಬ್ಬದ ಹಿಂದಿನ ದಿನ, ತೋಟದ ಕೆಳಗಿನ ಹಳ್ಳದಲ್ಲಿ ಸಿಕ್ಕಿದ್ದು ಎಂದರು. ಹಿಂದಿನಿಂದ ಇನ್ನೊಂದು ಹೆಂಗಸಿನ ದನಿ, "ಹಳ್ಳ ಅಲ್ಲ ಅಮ್ಮಾ, ದೇವಸ್ಥಾನದ ಕೆರೆ ಏರಿ, ಅಪ್ಪ ಎಷ್ಟು ಸಲ ಹೇಳಿದ್ರು." ಫೋನಿನಲ್ಲೇ ತಾಯಿ ಮಗಳಿಗೆ ಜಗಳ ಹತ್ತಿತು. ನಾನು ದಪ್ಪ ಕಾಗದ ಕತ್ತರಿಸಿ, ಪೆನ್ಸಿಲ್ ಚೂಪು ಮಾಡಿ, ಮಗಳ ವಯಸ್ಸಿನಿಂದ ವರ್ಷ ಲೆಕ್ಕ ಹಾಕಿ, ಎರಡೂ ಜಾಗ ಬರೆದುಕೊಂಡೆ. ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಹಾವಿನ ಹೆಸರಿಗೆ ಜಾಗ ಸಾಲಲಿಲ್ಲ.